ಸಿಪ್ಪೆಯ ಲೆಕ್ಕ

ಹಾಸನಾಂಬೆಯ ಬಾಗಿಲಿನಂತೆ ನಮ್ಮ ವಿಭಾಗದ ಬೀರುವೂ
ವರ್ಷಕ್ಕೊಮ್ಮೆ ತೆರೆಯುತ್ತದೆ.
ಒಳಗೆ ದೀಪವೇನೂ ಉರಿಯುತ್ತಿರುವುದಿಲ್ಲ;
ನುಸಿಗುಳಿಗೆಯ ವಾಸನೆ, ಹಳೇ ಥೀಸಿಸ್ಸು, ಒಂದು ಸತ್ತ ಹಲ್ಲಿ.

ಕಮಿಟಿ ಬರುವುದು ಸೋಮವಾರ.
ಪ್ರೊಫೆಸರ್ ಬೋರಲಿಂಗಯ್ಯ ಕನ್ನಡಕ ಹಣೆಗೇರಿಸಿ
'ನೀವೇ ತುಂಬಿಬಿಡಿ ಮೇಡಂ' ಅಂದರು. ಫಾರಂ ನನಗೆ ಬಂತು,
ಅತಿಥಿ ಉಪನ್ಯಾಸಕಿಗೆ, ಮೂರು ತಿಂಗಳಿಂದ ಸಂಬಳ ಕಾಣದ ಅತಿಥಿಗೆ.

ಐದು ವರ್ಷ. ಪ್ರಬಂಧ ಮೂವತ್ತೊಂದು.
ಉಲ್ಲೇಖ: ಬಹುಪಾಲು ಸೊನ್ನೆ. ಸೊನ್ನೆ ಸುತ್ತಿ ಸುತ್ತಿ
ಕೈ ಜಿಲೇಬಿ ಭಟ್ಟರ ಕೈಯಾಯಿತು.
ಒಂದಕ್ಕೆ ಮಾತ್ರ ನಲವತ್ತೇಳು:
ಆಲೂಗಡ್ಡೆ ಸಿಪ್ಪೆಯ ಸಾರ, ಆಮ್ಲದಲ್ಲಿ ಅದ್ದಿದ ಉಕ್ಕು, ತುಕ್ಕಿಗೆ ತಡೆ.

ನಲವತ್ತೇಳರಲ್ಲಿ ಹತ್ತೊಂಬತ್ತು ನಾವೇ ನಮ್ಮನ್ನು ಉಲ್ಲೇಖಿಸಿಕೊಂಡದ್ದು,
ಹೊರಗೆ ನಿಂತು ನಮ್ಮ ಮನೆಯ ಬೆಲ್ ನಾವೇ ಒತ್ತಿ
'ಯಾರು?' ಎಂದು ಒಳಗೋಡಿದ ಹಾಗೆ.
ಉಳಿದವರು ಈಜಿಪ್ಟ್, ನೈಜೀರಿಯಾ, ಒಬ್ಬ ಇರಾನಿನವನು.
ಒಂಬತ್ತರಿಂದ ಹದಿನೇಳರವರೆಗೆ ಎಂಬ ಒಂದೇ ಕಂಸದೊಳಗೆ
ಸಂತೆಗೆ ಹೋಗುವ ಟೆಂಪೋದಲ್ಲಿ ನಿಂತಂತೆ ನಾವೂ.

ನಸೀಮಾ ತಾಜ್ ಅಲ್ಲಿ 'ತೇಜ್' ಆಗಿದ್ದಾಳೆ.
ಎರಡು ಬೇಸಿಗೆ ಉಕ್ಕಿನ ಚೂರುಗಳನ್ನು ಉಜ್ಜಿ, ತೂಗಿ, ಅದ್ದಿ,
ಮತ್ತೆ ತೂಗಿದವಳು. ನಾಲ್ಕನೇ ದಶಮಾಂಶ ನಿಲ್ಲಲೆಂದು
ಫ್ಯಾನ್ ಆರಿಸಿ ಉಸಿರು ಬಿಗಿಹಿಡಿಯುತ್ತಿದ್ದಳು.
ಈಗ ಕೈಗಾರಿಕಾ ಪ್ರದೇಶದ ಔಷಧಿ ಕಂಪನಿಯಲ್ಲಿ ರಾತ್ರಿ ಪಾಳಿ.
ಫೋನು ಮಾಡಿದೆ. 'ನಲವತ್ತೇಳಾ?' ಅಂದಳು.
ಹಿಂದೆ ಯಂತ್ರದ ಸದ್ದು. 'ತಕ್ಕಡಿ ರಿಪೇರಿ ಆಯ್ತಾ ಮೇಡಂ?'

ಆಗಿಲ್ಲ.

ಮಧ್ಯಾಹ್ನ ಹಾಸ್ಟೆಲಿನ ಹಿಂದೆ ಸಾವಂತ್ರಮ್ಮ ಸಿಕ್ಕಳು,
ಆಗೆಲ್ಲ ದಿನಾ ಒಂದು ಬಕೆಟ್ ಸಿಪ್ಪೆ ಎತ್ತಿಟ್ಟವಳು.
ಕೃತಜ್ಞತೆಯ ಸಾಲಿನಲ್ಲಿ ಕುಲಪತಿಗಳಿದ್ದಾರೆ, ಅವಳಿಲ್ಲ.
ಹೇಳಿದೆ: ನಿಮ್ಮ ಸಿಪ್ಪೆಯನ್ನು ನಲವತ್ತೇಳು ಕಡೆ ನೆನೆದಿದ್ದಾರೆ.
'ನಲವತ್ತೇಳೇನಾ? ನನ್ನ ಒಂದು ಪಂಕ್ತೀನೂ ತುಂಬಲ್ವಲ್ಲ ಕಣವ್ವ!'
ಎಂದವಳು, ತುಸು ತಡೆದು,
'ಅದೇನು, ತುಕ್ಕು ಹಿಡಿಯಲ್ವಾ ಅದರಿಂದ? ಮೊದಲೇ ಹೇಳಬಾರದಾ'
ಎಂದು ಈಳಿಗೆಮಣೆಯ ಕಂದು ಅಲಗನ್ನು ಸೆರಗಿಗೆ ಒರೆಸಿದಳು.

ಸಂಜೆ ಅವಳ ಹೆಸರಿಗೊಂದು ಕಾಲಂ ಹುಡುಕಿದೆ.
'ಹೊರಗಿನ ಸಂಸ್ಥೆಗಳ ಸಹಯೋಗ' ಖಾಲಿ ಇತ್ತು.
ಬರೆದೆ.
ಬೋರಲಿಂಗಯ್ಯನವರು ಓದದೆ ಸಹಿ ಹಾಕಿದರು.
ಸೀಲಿನ ಶಾಯಿ ಒಣಗಿತ್ತು, ಎರಡು ಸಲ ಒತ್ತಿದೆ.