ಮಿನ್ನಿಗುಲ್ ಅತ್ತೆಯ ಪೀಪಾಯಿ

ಪೇಟೆಯಿಂದ ನಾನು ತಂದ ಸೀಸೆಯನ್ನು
ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ಓದಿದಳು,
ಅಕ್ಷರಕ್ಕೊಂದು ಸಲ ಬೆರಳು ಸರಿಸುತ್ತ:
‘ಎರಡು ವರ್ಷದೊಳಗೆ ಬಳಸಿ.’
ಆಮೇಲೆ ನಕ್ಕಳು. ನಕ್ಕು ನಕ್ಕು
ಸೌದೆ ಪೆಟ್ಟಿಗೆಯ ಮೇಲೆ ಕೂತೇಬಿಟ್ಟಳು.
‘ಎರಡು ವರ್ಷ ಆದಮೇಲೆ ಏನಾಗುತ್ತಂತೆ ಗುಲ್ಸಿರಿನ್,
ಎದ್ದು ಹೋಗುತ್ತಂತಾ?’

ಕರೆದೊಯ್ದಳು. ನೆಲಮಾಳಿಗೆಗಲ್ಲ,
ಅಲ್ಲಿ ತೇವ, ಉಪ್ಪು ಹಾಕಿದ ಎಲೆಕೋಸು,
ಹೊಗೆ ಕುಡಿದ ಮೀನು; ಜೇನು ಪಕ್ಕದವರ
ವಾಸನೆಯನ್ನೆಲ್ಲ ಮೈಗೆ ಹಚ್ಚಿಕೊಳ್ಳುತ್ತದೆ.
ಉತ್ತರದ ಉಗ್ರಾಣಕ್ಕೆ.
ಬಿಸಿಲು ಕಾಣದ, ಒಲೆಯುಸಿರು ತಾಕದ ಮೂಲೆಯಲ್ಲಿ
ನೆಲ ಮುಟ್ಟದಂತೆ ಹಲಗೆಯ ಮೇಲೆ
ಲಿಂಡೆನ್ ದಿಮ್ಮಿ ಕೊರೆದ ಪೀಪಾಯಿ,
ಮೊಣಕಾಲೆತ್ತರ, ಬಾಯಿಗೆ ಮೇಣ.

‘ಓಕ್ ಮರದಲ್ಲಿಟ್ಟರೆ ಕಪ್ಪಾಗುತ್ತದೆ,
ಪೈನಿನಲ್ಲಿ ರಾಳದ ನಾತ.
ತಗಡಿನ ಬಕೆಟ್ಟಂತೂ ಬೇಡ,
ಇದರ ಹುಳಿ ಸತುವನ್ನು ನೆಕ್ಕುತ್ತದೆ.
ಜೇನಿಗೆ ಹುಳಿಯಾ ಅಂತ ಕಣ್ಣರಳಿಸಬೇಡ.
ಸಿಹಿಯ ಒಳಗೊಂದು ಹುಳಿ ಇದ್ದೇ ಇರುತ್ತೆ,
ನನ್ನನ್ನೇ ನೋಡು.’

ಹನ್ನೊಂದು ವರ್ಷದ ಹಿಂದಿನ ಜೇನು.
ಇಶ್ಬುಲಾತ್ ಮಾವ ಹೆಣೆದ ತೊಗಲಿನ ಹಗ್ಗ ಸೊಂಟಕ್ಕೆ ಸುತ್ತಿ
ಪೈನ್ ಮರದ ಪೊಟರೆಗೆ ಏರಿದ ಕೊನೆಯ ಶರತ್ಕಾಲ;
ಅರ್ಧ ಕೊಯ್ದು, ಅರ್ಧ ಅವುಗಳ ಚಳಿಗಾಲಕ್ಕೆ ಬಿಟ್ಟು
ಇಳಿದಿದ್ದನಂತೆ. ಹಗ್ಗ ಈಗ
ಇದೇ ಗೋಡೆಯ ಮೊಳೆಯಲ್ಲಿದೆ.

ಚಾಕುವಿನಿಂದ ಮೇಣ ಕೆರೆದಳು.
ಒಳಗೆ ಬೆಳ್ಳಗೆ, ಗಟ್ಟಿ, ಸಕ್ಕರೆ ಸುರಿದಂತೆ.
‘ಕೆಟ್ಟುಹೋಗಿದೆಯಲ್ಲ’ ಅಂದೆ.
‘ಹೆಪ್ಪಾಗಿದೆ. ಮಲಗಿದವರನ್ನೆಲ್ಲ
ಸತ್ತವರು ಅನ್ನುತ್ತೀಯಾ?
ಬೇಕಾದಷ್ಟು ಸೀಸೆಗೆ ತುಂಬಿ ಬಿಸಿನೀರಲ್ಲಿ ನಿಲ್ಲಿಸು,
ಕೈ ತಡೆಯುವಷ್ಟೇ ಬಿಸಿ.
ಕುದಿಸಿದೆಯೋ, ಸಿಹಿ ಉಳಿದೀತು, ಕಾಡು ಹೋದೀತು.’

ನಾನು ಚಮಚ ಇಳಿಸಿದೆ. ಪಟ್ಟೆಂದು
ಮಣಿಕಟ್ಟಿಗೆ ಏಟು: ‘ಒದ್ದೆ!’
ಆಮೇಲೆ ಜೈತೂನಾಳ ಕಥೆ.
ಅವಸರದವಳು, ಹುಳುಗಳಿನ್ನೂ ಮುಚ್ಚಳ ಹಾಕದ
ನೀರು ನೀರು ಏರಿಯನ್ನೇ ಹಿಂಡಿ ತುಂಬಿದಳಂತೆ.
ಅಗಿದೆಲ್ ನದಿ ಕಟ್ಟುವ ಹೊತ್ತಿಗೆ ನೊರೆ, ಗುಳ್ಳೆ;
ಒಂದು ರಾತ್ರಿ ಮುಚ್ಚಳ ಜಂತಿಗೆ ಹಾರಿತು,
ಸಂಬಂಧ ನೋಡಲು ಬಂದ ಗಂಡಿನವರು
ಮೂರು ದಿನ ಹಾಡುತ್ತ ಅಲ್ಲೇ ಉಳಿದರು.

ಒಳಗೆ ತೊಟ್ಟಿಲು ಅತ್ತಿತು.
ತಾನ್ಸುಲ್ಪಾನ್. ನಮ್ಮಲ್ಲಿ ಬೆಳ್ಳಿಚುಕ್ಕಿಗೆ ಆ ಹೆಸರು.
ಎಂಟು ತಿಂಗಳು.
ಅತ್ತೆ ಕಿರುಬೆರಳಿಗೆ ಕಡಲೆಯಷ್ಟು ಜೇನು ತೆಗೆದು ಹೊರಟಳು.
ನಾನು ಬಾಗಿಲಿಗೆ ಅಡ್ಡ ನಿಂತೆ.

ಈ ಮನೆಗೆ ಬಂದಮೇಲೆ ಮೊದಲ ಸಲ.

‘ವರ್ಷ ತುಂಬುವ ತನಕ ಒಂದು ಹನಿಯೂ ಬೇಡ ಅಂದಿದ್ದಾರೆ ಆಸ್ಪತ್ರೆಯಲ್ಲಿ.
ಕಣ್ಣಿಗೆ ಕಾಣದ ಬೀಜ ಇರಬಹುದಂತೆ, ಎಷ್ಟೇ ಒಳ್ಳೆಯ ಜೇನಲ್ಲೂ.
ನಮ್ಮ ಹೊಟ್ಟೆಯಲ್ಲಿ ಸುಮ್ಮನಿದ್ದು ಹೋಗುತ್ತವೆ,
ಎಳೆಗರುಳಲ್ಲಿ ಮೊಳೆಯುತ್ತವೆ.
ಮಗು ಸೋಲುತ್ತದೆ. ಕತ್ತು ನಿಲ್ಲುವುದಿಲ್ಲ.’

‘ನನ್ನ ಜೇನಲ್ಲಾ?’

ಆ ಬೆರಳು ಗಾಳಿಯಲ್ಲೇ ನಿಂತಿತು.
ಹೆಪ್ಪಾದದ್ದು, ಹನಿಯಲಿಲ್ಲ.
‘ಕತ್ತು’ ಅಂದಳು ಅತ್ತೆ.
‘ನನ್ನ ಮೊದಲನೆಯದಕ್ಕೆ...’
ಮುಂದೆ ಹೇಳಲಿಲ್ಲ. ನಾನು ಕೇಳಲಿಲ್ಲ.
ಯಾವುದರಿಂದ ಎಂದು ಈಗ ಯಾರು ಹೇಳಬಲ್ಲರು.

ಬೆರಳನ್ನು ತಾನೇ ಚೀಪಿದಳು, ನಿಧಾನಕ್ಕೆ,
ಔಷಧಿಯಂತೆ.
ಮೇಣ ಕರಗಿಸಿ ಬಾಯಿ ಮುಚ್ಚಿ,
ಒಲೆಯ ಇದ್ದಿಲಿಂದ ಮುಚ್ಚಳದ ಮೇಲೆ
ನಾಲ್ಕು ಗೀಟು ಎಳೆದಳು, ತಿಂಗಳಿಗೊಂದು.
ಇನ್ನೊಂದು ಎಳೆದಳು. ‘ಇರಲಿ’ ಅಂದಳು.

ಹೊರಡುವಾಗ ನನ್ನ ಪೇಟೆ ಸೀಸೆಯನ್ನೂ ತಂದು
ಪೀಪಾಯಿಯ ಪಕ್ಕ ಕೂರಿಸಿದಳು:
‘ಜೊತೆಗಿರಲಿ ಪಾಪ,
ಅದಕ್ಕೆ ಎರಡೇ ವರ್ಷವಂತೆ.’