ಹನ್ನೊಂದು ಹಾಳೆಯ ಜೆರಾಕ್ಸು

ಮೊದಲ ಸಲ ಓದಿದ್ದು ಹೀಗೆ:
ಒಂದು ಮೊಣಕಾಲ ಮೇಲೆ ಡಿಕ್ಷನರಿ, ಇನ್ನೊಂದರ ಮೇಲೆ ಜೆರಾಕ್ಸು,
ಪದ ಪದದ ತಲೆಗೂ ಪೆನ್ಸಿಲಿನಲ್ಲಿ ಅರ್ಥ ಹೊರಿಸುತ್ತ
ರಾತ್ರಿ ಹನ್ನೆರಡಕ್ಕೆ ಒಂದನೇ ಪುಟದ ನಡುವಿಗೆ ಬಂದೆ.
ಹಾಳೆ ಕಪ್ಪಗಾಗಿತ್ತು, ತಲೆ ಬೆಳ್ಳಗೆ.
ಪದಗಳೆಲ್ಲ ಗೊತ್ತಾಗಿದ್ದವು,
ಮಾತು ಮಾತ್ರ ಗೊತ್ತಾಗಿರಲಿಲ್ಲ.

ಕೊಟ್ರಮ್ಮ ಮೇಡಂ ಕನ್ನಡಕ ಹಣೆಗೇರಿಸಿದರು.
"ಏನವ್ವ ಮೆಹಜಬೀನ್, ಇದು ಓದಿದ್ದೋ, ಉತ್ತಿದ್ದೋ?"
ಹನ್ನೊಂದು ಹಾಳೆಯನ್ನೂ ಇಸ್ಪೀಟಿನಂತೆ ಮೇಜಿಗೆ ಹರಡಿ
ಕೊನೆಯದನ್ನು ಮೊದಲು ಎತ್ತಿದರು.
"ಏನು ಹೇಳಿ ಮುಗಿಸ್ಯಾನೆ, ಅದನ್ನ ಮೊದಲು ಕೇಳು.
ಆಮೇಲೆ ಜಗಳ ತೆಗಿ:
ಹಂಗ್ಯಾಕಂದೆ? ಯಾರನ್ನ ಕೇಳಿದೆ? ಎಷ್ಟು ಜನಾನ?
ಹೌಎವರ್ ಅಂತ ಬಂತೋ, ಕಣ್ಣು ತೆಗೆದು ಕೂತ್ಕೊ,
ಬಸ್ಸು ತಿರುಗೋದು ಅಲ್ಲೇ. ತೂಕಡಿಸಿದ್ರೆ
ಹರಪನಹಳ್ಳಿಗೆ ಹೊರಟೋಳು ಹೊನ್ನಾಳೀಲಿ ಇಳೀತೀಯ.
ಗೊತ್ತಿಲ್ಲದ ಪದಕ್ಕೆ ಹೆದರಬ್ಯಾಡ,
ಮೂರು ಸಲ ಎದುರಾದ್ರೆ ಆಗ ನಿಲ್ಲಿಸಿ ಹೆಸರು ಕೇಳು."

ನಮ್ಮದು ಬಾಷಾ ನಗರ. ಭಾಷೆಗೂ ಅದಕ್ಕೂ ಸಂಬಂಧವಿಲ್ಲ.
ಮನೆಯೊಳಗೆ ದಖನಿ, ಹೊಸಿಲು ದಾಟಿದರೆ ಕನ್ನಡ,
ಕಾಲೇಜಿನ ಮೆಟ್ಟಿಲ ಮೇಲೆ ಬಾಯಿಗೆ ಬೀಗ.

ಸಂಜೆ ಭಟ್ಟಿಯಲ್ಲಿ ಬಾಣಲೆಯ ಮರಳು ಕಾದಿತ್ತು.
ಅಬ್ಬು ಅಕ್ಕಿ ಸುರಿದ. ಚಟಪಟ ಅರಳಿ ಜರಡಿಗೆ ಬಿತ್ತು.
ಅಮ್ಮಿ ಎರಡೇ ಸಲ ಕುಲುಕಿದಳು,
ಮರಳು ಕೆಳಗೆ, ಮಂಡಕ್ಕಿ ಮೇಲೆ.
ಒಂದೊಂದೇ ಕಾಳು ಎತ್ತಿ ನೀನ್ಯಾರು ಅನ್ನಲಿಲ್ಲ.
ಹುಟ್ಟಿದಾಗಿನಿಂದ ನೋಡಿದ್ದನ್ನೇ ನಿಂತು ನೋಡಿದೆ.
ಆದರೆ ಹೋಲಿಕೆ ಅಷ್ಟು ಸಲೀಸಾಗಿ ಕೂಡಲಿಲ್ಲ ಅನ್ನಿ:
ಕಾಗದದ ಮೇಲೆ ಯಾವುದು ಮರಳು ಅನ್ನುವುದು
ಕುಲುಕಿದ ಮೇಲೂ ಒಮ್ಮೊಮ್ಮೆ ಗೊತ್ತಾಗದು.

ಎರಡನೇ ಸಲ ಬಾಲದಿಂದ ಹಿಡಿದೆ.
ಅರ್ಧ ಗಂಟೆಯಲ್ಲಿ ಎದೆ ಧಸಕ್ಕೆಂದಿತು.
ಇದು ನಮ್ಮ ಬಗ್ಗೆ!
ಪಫ್ಡ್ ರೈಸ್ ಯೂನಿಟ್ ಅಂದರೆ ಈ ಭಟ್ಟಿ,
ಪಾರ್ಟಿಕ್ಯುಲೇಟ್ ಅಂದರೆ
ಅಬ್ಬು ಮೂಗು ಒರೆಸಿಕೊಂಡಾಗ ಟವೆಲಿಗೆ ಅಂಟುವ ಕಪ್ಪು.
ಒಂದು ರಾತ್ರಿಯೆಲ್ಲ ನಮ್ಮ ಮನೆಯನ್ನೇ ಡಿಕ್ಷನರಿಯಲ್ಲಿ ಹುಡುಕಿದ್ದೆ.

‘ವರ್ ಎಕ್ಸ್‌ಪೋಸ್ಡ್’ ಅಂತ ಬರೆದಿತ್ತು. ಹೊಗೆಗೆ ಒಡ್ಡಲ್ಪಟ್ಟರು.
ಯಾರಿಂದ? ವಾಕ್ಯದಲ್ಲಿ ಕರ್ತೃವಿಗೆ ಕುರ್ಚಿಯೇ ಇರಲಿಲ್ಲ.
ಕನ್ನಡಕ್ಕೆ ತಿರುಗಿಸಿದೆ, ಕನ್ನಡ ಒಪ್ಪದು,
ಒಡ್ಡಿದ್ದು ಯಾರು ಹೇಳು, ಆಮೇಲೆ ಮುಂದಕ್ಕೆ ಹೋಗು ಅನ್ನುತ್ತದೆ.
ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮುಂದೆ ಹೋದೆ.

ಹತ್ತನೇ ಹಾಳೆಯ ತಳದಲ್ಲಿ ಹೌಎವರ್.
ಕಣ್ಣು ತೆಗೆದು ಕೂತೆ.
ಬಾಣಲೆಯ ಬಳಿಯ ಐವತ್ತೆರಡು ಗಂಡಸರನ್ನು
ಕೊಳವೆಗೆ ಊದಿಸಿ ಉಸಿರು ಅಳೆದಿದ್ದಾರೆ.
ಜರಡಿ ಹಿಡಿಯುವ ಹೆಂಗಸರು
ಅಧ್ಯಯನಕ್ಕೆ ಲಭ್ಯವಾಗಲಿಲ್ಲ.

ಹಾಳೆ ಮುಚ್ಚಿ ಬಾಯಲ್ಲಿ ಹೇಳಬೇಕು, ಅದೂ ಮೇಡಂ ಹೇಳಿದ್ದೇ,
ಹೇಳಲು ಬಂದರೆ ಮಾತ್ರ ಓದಿದಂತೆ.
ಅಮ್ಮಿಗೆ ದಖನಿಯಲ್ಲಿ ಹೇಳಿದೆ, ತಡವರಿಸುತ್ತ,
ಶೇಕಡಾ ಲೆಕ್ಕವನ್ನು ರೂಪಾಯಿ ಆಣೆಗೆ ಇಳಿಸುತ್ತ.
ಅವಳು ಕೆಮ್ಮಿದಳು. ಸೆರಗಿನಿಂದ ಬಾಯಿ ಒರೆಸಿ ಕೇಳಿದಳು:
"ಬೆಳಗಿಂದ ಕತ್ತಲಾಗೋವರೆಗೆ ಇಲ್ಲೇ ಕೂತಿರ್ತೀನಲ್ಲ,
ಎಲ್ಲಿ ಹುಡುಕಿದರಂತೆ?"

ಸೋಮವಾರ ಕ್ಲಾಸಿಗೆ ಮೂರು ಪ್ರಶ್ನೆ ತರಬೇಕಿತ್ತು, ಇಂಗ್ಲಿಷಿನಲ್ಲಿ.
ಒಂದೇ ಬರೆದೆ, ಅಮ್ಮಿಯದು.
ಅಭ್ಯಾಸಬಲ, ಡಿಕ್ಷನರಿ ತೆರೆದು ಇಟ್ಟುಕೊಂಡಿದ್ದೆ.
ಅದರಲ್ಲಿ ನೋಡುವಂಥ ಪದ
ಒಂದೂ ಬರಲಿಲ್ಲ.