ಅರ್ಧ ನೂಲು ದೊಡ್ಡದು

ಮೂರನೇ ಗೇಟು ದಾಟಿದ ಮ್ಯಾಲೆ ಗಾಳಿಗೆ
ಸುಟ್ಟ ಮರಳಿನ ವಾಸನಿ. ಅದ ಉದ್ಯಮಬಾಗ.
ಚೌಗುಲೆ ಅವರ ಫೌಂಡ್ರಿ, ಹಿಂದಿನ ಶೆಡ್ಡು,
ಅದರಾಗ ಮೋನಪ್ಪ ಬಡಿಗೇರ ಅಂದ್ರ ನಾನು.
ಪಂಪಿನ ಹೊಟ್ಟಿ, ಟ್ರ್ಯಾಕ್ಟರಿನ ಮೊಣಕೈ
ಮೊದಲು ನನ್ನ ಕಟ್ಟಿಗ್ಯಾಗ ಹುಟ್ಟಿ
ಆಮ್ಯಾಲೆ ಕಬ್ಬಿಣಕ್ಕ ಹೋಗತಾವ.

ಕಸುಬಿನ ಮಾತೊಂದು ಹೇಳತೀನಿ:
ಕಾಯ್ದ ಲೋಹ ತಣ್ಣಗಾದಾಗ ಕುಗ್ಗತದ.
ಅದಕ್ಕ ಪ್ಯಾಟರ್ನು ಯಾವಾಗಲೂ
ಬೇಕಾದದ್ದಕ್ಕಿಂತ ಅರ್ಧ ನೂಲು ದೊಡ್ಡದು.

ಜರ್ಮನಿಯಿಂದ ಬಂತು ಆರ್ಡರು.
ಬೆಲ್ಟಿನ ಬಕಲ್, ಹಿತ್ತಾಳಿದು, ಎರಡು ಸಾವಿರ.
ರೆಕ್ಕಿ ಬಿಚ್ಚಿದ ಗಿಡುಗ, ಉಗುರಾಗ ಮುರಿದ ಬಾಣ,
ಕೆಳಗ ಮೂರು ಅಕ್ಷರ.
"ಕುಸ್ತಿ ಸಂಘ ಇರಬೇಕು" ಅಂದ್ರು ಮಾಲಕರು.
ದಾಂಡೇಲಿ ಸಾಗವಾನಿ ತುಂಡಿನಾಗ
ಹನ್ನೊಂದು ದಿವಸ ಗರಿ ಎಣಿಸಿ ಎಣಿಸಿ ಕೊರದೆ.
ಚಂದ ಆಗಿತ್ತು.
ಸುಳ್ಳು ಯಾಕ ಹೇಳಲಿ, ಭಾಳ ಚಂದ ಆಗಿತ್ತು.
ಮೌಲಾಸಾಬ ಮರಳು ಬಡದು ಅಚ್ಚು ಎತ್ತಿದ,
ಹಿತ್ತಾಳಿ ಸುರುವಿದ, ತನ್ನ ಹಳೇ ಪಂಜೆಯಿಂದ
ಒಂದೊಂದ ಗಿಡುಗನ ಮೈ ಒರಸಿದ.

ವರ್ಷ ತಿರಗೋದ್ರಾಗ ಕಾಗದ:
ಸಂಘಕ್ಕ ಅಲ್ಲಿಯ ಸರ್ಕಾರ ಬಂದಿ ಹಾಕೇದ,
ಉಳಿದ ಮಾಲು ಕಳಸಬ್ಯಾಡ್ರಿ.
ಉಳಿದದ್ದನ್ನ ಕರಗಿಸಿದಿವಿ. ನಳದ ತಿರುವಣಿಗಿ ಆತು.

ಮಳಿಗಾಲ ಮುಗಿದಿರಲಿಲ್ಲ, ಮತ್ತ ಆರ್ಡರು.
ಈ ಸಲ "ಗುಡ್ಡ ಏರೋ ಗೆಳೆಯರ ಬಳಗ".
ಅಕ್ಷರ ಬ್ಯಾರೆ, ಬಾಣ ಇಲ್ಲ. ಗಿಡುಗ ಅದ.
ಆಫೀಸಿನ ಫಿಲೋಮಿನಾ ಬಾಯಿ, ಕ್ಯಾಂಪಿನಾಕಿ,
ಕಾಲೇಜಿನಾಗ ಆ ಭಾಷಾ ಕಲತಾಕಿ,
ಎರಡೂ ಕಾಗದ ಬಾಜೂಕ ಬಾಜೂಕ ಇಟ್ಟಳು.
ಅದ ಓಣಿ, ಅದ ಮನಿ ನಂಬರು,
ಸಹಿಯ ಬಾಲಕ್ಕ ಅದ ಕೊಕ್ಕಿ.
"ಮೋನಪ್ಪ, ಇವರು ಗುಡ್ಡ ಏರೂದಿಲ್ಲ.
ಹೊರಗಿಂದ ಬಂದವರ ಮನಿಗೆ ರಾತ್ರಿ ಬೆಂಕಿ ಇಡೋ ಮಂದಿ."

ಮೌಲಾಸಾಬ ಚಹಾದ ಬಸಿ ಕೆಳಗಿಟ್ಟ.
"ಅಲ್ಲೆ ನನ್ನಂಥಾವ್ರು ಇದ್ದಾರೇನ್ರಿ?"
ಯಾರೂ ಉತ್ತರ ಕೊಡಲಿಲ್ಲ.
ಅಂವ ತನ್ನ ಕೈ ನೋಡಿಕೊಂಡ,
ಉಗುರಿನ ಸಂದಿಗೆ ಹಿತ್ತಾಳಿ ಧೂಳ ಮಿಂಚತಿತ್ತು.

ಆದರೂ ಮಾಡಿದಿವಿ, ಆ ಸಲ.
ಪಗಾರ ಒಂದನೇ ತಾರೀಖಿಗೆ ಬಂತು, ತಗೊಂಡಿವಿ.

ಸರ್ಕಾರ ಒಡಿಯೂದು ಮರಳಿನ ಅಚ್ಚು.
ಅಚ್ಚು ಹೆಂಗೂ ಒಡೀಬೇಕು, ಒಂದ ಸಲದ್ದು ಅದು.
ಒಡದ ಮ್ಯಾಲ ಮರಳು ಮತ್ತ ಮರಳು,
ನೀರು ಚಿಮಕಿಸಿ, ಜಾಡಿಸಿ, ಪೆಟ್ಟಿಗಿ ತುಂಬಿದರ ಮುಗೀತು.
ಪ್ಯಾಟರ್ನು ಮ್ಯಾಲಿನ ಮಾಡದಾಗ ಬೆಚ್ಚಗ ಕೂತಿರತದ.

ಮೂರನೇ ಕಾಗದ ಬಂದಾಗ
(ಈಗ "ಹಿರಿಯರ ಸಮಾಧಿ ಕಾಯೋ ಸಮಿತಿ",
ಗಿಡುಗನ ಕೊಕ್ಕು ತಗಿರಿ, ಪಾರಿವಾಳ ಕಂಡಂಗ ಕಾಣಲಿ)
ನಾ ಅಂದೆ, ಗೆದ್ದಲ ಹತ್ಯಾವ್ರಿ.
ಸಾಗವಾನಿಗೆ ಗೆದ್ದಲ! ಮಾಲಕರು ನನ್ನ ಮಾರಿ ನೋಡಿದರು.
ಆವತ್ತ ಸಂಜಿಕ ಅನಗೋಳದ ನನ್ನ ಮನಿ ನೀರೊಲಿಯಾಗ
ಗಿಡುಗ ಹತ್ತಿ ಉರೀತು. ಒಳ್ಳೆ ಕಟ್ಟಿಗಿ,
ಹೊಗಿ ಇಲ್ಲ, ಚಟಪಟ ಇಲ್ಲ,
ಎರಡು ಹಂಡೇ ನೀರು ಕಾದವು.

ದೊಡ್ಡ ಕೆಲಸ ಮಾಡಿದೆ ಅಂತ ಮಲಗಿದೆ.
ಎಂಟು ದಿನಕ್ಕ ಕೊಲ್ಲಾಪುರದಾಗ
ಒಂದು ಫೋಟೋ ನೋಡಿ ಮಶೀನು ಕೊರದು ಕೊಟ್ಟಿತು.
ನನ್ನಷ್ಟು ಚಂದ ಅಲ್ಲಂತ.
ಅದಕ್ಕ ನನಗ ಸಮಾಧಾನ ಆತು, ನೋಡ್ರಿ,
ಆ ಸಮಾಧಾನಕ್ಕ ಈಗೂ ನಾಚಿಕಿ ಬರತದ.

ನಿನ್ನೆ ಬಾಜೂ ಮನಿ ಸುಶಾಂತ
ಮಳಿ ಡಬ್ಬ್ಯಾಗ ಕೈಯಾಡಿಸಿ ಮೊದಲಿನ ಸ್ಯಾಂಪಲ್ ತಗದ.
ಅಂಗಿಗೆ ತಿಕ್ಕಿದ. ಫಳ್ ಅಂತು.
"ಏನ್ ಮಸ್ತ್ ಅದರೀ ಕಾಕಾ!
ನಮ್ಮ ಮಂಡಳದ ಹುಡುಗರಿಗೆ ಇಂಥಾದ್ದ ಮಾಡಿ ಕೊಡ್ರಿ."
"ನಿಮ್ಮ ಮಂಡಳಕ್ಕ ಹೋದ ವರ್ಷ ಪೊಲೀಸರು ಕೀಲಿ ಹಾಕಿದ್ದರಲ್ಲೋ?"
"ಹೆಸರು ಬದಲ್ ಮಾಡೀವಿ, ಕಾಕಾ."

ನಗತಿದ್ದ. ಬಕಲ್ ನಡಕ್ಕ ಹಿಡಕೊಂಡು ನಿಂತಿದ್ದ.
ಸಣ್ಣ ನಡ, ಹದಿನಾರರ ಹುಡುಗಂದು.
ಗಿಡುಗ ಅವಗ ಇನ್ನೂ
ಅರ್ಧ ನೂಲು ದೊಡ್ಡದಾಗತಿತ್ತು.